ಅರ್ಧಕ್ಕೆ ನಿಂತ ಉಬುಂಟು ಅಪ್‌ಡೇಟ್ ಸರಿಪಡಿಸುವುದು

ಬೇಸಿಗೆಯ ಒಂದು ಮಧ್ಯಾಹ್ನ ಗಂಗಾವತಿಯ ನನ್ನ ರೂಮಿನಲ್ಲಿ ಕಂಪ್ಯೂಟರಿನ ಉಬುಂಟು (ಒಂದು ಲಿನಕ್ಸ್ ಆಪರೇಟಿಂಗ್ ಸಿಸ್ಟಂ) ಅಪ್‌ಡೇಟ್ ನಡೆಯುತ್ತಿತ್ತು. ಕರೆಂಟ್ ಹೋಯಿತು. ಯುಪಿಎಸ್ ಇರಲಿಲ್ಲ. ಮತ್ತೆ ಆನ್ ಮಾಡಿದರೆ ಏನನ್ನೂ ಇನ್‌ಸ್ಟಾಲ್ ಮಾಡಲು ಬಿಡುತ್ತಿಲ್ಲ. ಗೆಳೆಯರು ಫಾರ್ಮ್ಯಾಟ್ ಮಾಡು ಅಂದರು. ಅದರ ಅಗತ್ಯವೇ ಇರಲಿಲ್ಲ. ಏಕೆ ಅಂತ ನೋಡೋಣ.

ಉಬುಂಟು, ಅದರ ಮೂಲವಾದ ಡೆಬಿಯನ್‌ಗಳಲ್ಲಿ ಪ್ಯಾಕೇಜ್ (ಇನ್‌ಸ್ಟಾಲ್ ಮಾಡುವ ಸಾಫ್ಟ್‌ವೇರ್ ಕಟ್ಟು) ಡೌನ್‌ಲೋಡ್ ಮಾಡುವುದು ಆಪ್ಟ್ ಅನ್ನುವ ಪ್ರೋಗ್ರಾಂ. ಅದನ್ನು ಕೂರಿಸುವುದು ಡಿಪಿಕೆಜಿ, ಅದೂ ಎರಡು ಹಂತದಲ್ಲಿ. ನಮ್ಮ ಕಡೆ ರೈಸ್ ಮಿಲ್ ನೋಡಿದವರಿಗೆ ಇದು ಬೇಗ ತಿಳಿಯುತ್ತದೆ. ಲಾರಿಯಿಂದ ಭತ್ತದ ಚೀಲ ಇಳಿಸುವುದು ಒಂದು ಕೆಲಸ, ತೂಕ ಹಾಕಿ ಲೆಕ್ಕಕ್ಕೆ ಬರೆಯುವುದು ಇನ್ನೊಂದು. ಡಿಪಿಕೆಜಿ ಮೊದಲು ಫೈಲುಗಳನ್ನು ಬಿಚ್ಚಿ ಜಾಗಕ್ಕೆ ಇಡುತ್ತದೆ, ಆಮೇಲೆ ಕಾನ್ಫಿಗರ್ ಮಾಡುತ್ತದೆ, ಅಂದರೆ ಬಳಸಲು ಸಿದ್ಧಗೊಳಿಸುತ್ತದೆ. ಯಾವುದು ಎಲ್ಲಿವರೆಗೆ ಬಂತು ಅನ್ನುವುದು ಸ್ಟೇಟಸ್ ಎಂಬ ಫೈಲಿನಲ್ಲಿ ದಾಖಲಾಗುತ್ತದೆ. ಕರೆಂಟ್ ಹೋದರೂ ಆ ಲೆಕ್ಕ ಡಿಸ್ಕಿನಲ್ಲೇ ಇರುತ್ತದೆ. ಹಾಗಾಗಿ ಬಿಟ್ಟ ಕಡೆಯಿಂದ ಮುಂದುವರಿಸಬಹುದು:

ಸುಡೋ ಡಿಪಿಕೆಜಿ --ಕಾನ್ಫಿಗರ್ -ಎ

ಇದನ್ನು ಟರ್ಮಿನಲ್‌ನಲ್ಲಿ (ಕಮಾಂಡ್ ಕೊಡುವ ಕಿಟಕಿ) ಟೈಪ್ ಮಾಡುವಾಗ ಇಂಗ್ಲಿಷಿನ ಸಣ್ಣ ಅಕ್ಷರ ಬಳಸಿ. 'ಸುಡೋ' ಅಂದರೆ ಅಡ್ಮಿನ್ ಅಧಿಕಾರದಿಂದ ನಡೆಸು ಅಂತ. ಕೊನೆಯ 'ಎ' ಅಂದರೆ ಬಾಕಿ ಇರುವ ಎಲ್ಲವೂ. ಎಷ್ಟೋ ಸಲ ಎರರ್ ಮೆಸೇಜೇ ಈ ಕಮಾಂಡ್ ಹೇಳಿಕೊಡುತ್ತದೆ, ನಾವು ಓದದೆ ಮುಚ್ಚಿಬಿಡುತ್ತೇವೆ ಅಷ್ಟೇ. ಒಂದು ಪ್ಯಾಕೇಜಿಗೆ ಬೇಕಾದ ಇನ್ನೊಂದು ಬಂದೇ ಇಲ್ಲದಿದ್ದರೆ ಇದು ಸಾಲದು. ಆಗ:

ಸುಡೋ ಆಪ್ಟ್ --ಫಿಕ್ಸ್-ಬ್ರೋಕನ್ ಇನ್‌ಸ್ಟಾಲ್

ಇದು ಕೊರತೆ ಇರುವುದನ್ನು ತರಿಸುತ್ತದೆ, ಇಲ್ಲವೇ ಹೊಂದಾಣಿಕೆ ಆಗದ್ದನ್ನು ತೆಗೆಯುತ್ತೇನೆ ಅನ್ನುತ್ತದೆ. ತೆಗೆಯುವ ಪಟ್ಟಿಯನ್ನು ಪೂರ್ತಿ ಓದದೆ 'ವೈ' ಒತ್ತಬೇಡಿ. ಡೆಸ್ಕ್‌ಟಾಪೇ ಆ ಪಟ್ಟಿಯಲ್ಲಿ ಇರಬಹುದು.

ಇನ್ನು ಲಾಕ್ ವಿಷಯ, ಅಂದರೆ ಒಂದೇ ಸಲಕ್ಕೆ ಎರಡು ಇನ್‌ಸ್ಟಾಲ್ ನಡೆಯದಂತೆ ಇರುವ ತಡೆ. ಇದರಲ್ಲಿ ತಪ್ಪು ಸಲಹೆ ಜಾಸ್ತಿ. 'ಲಾಕ್ ಸಿಗುತ್ತಿಲ್ಲ' ಅಂತ ಬಂದರೆ ಲಾಕ್ ಫೈಲ್ ಅಳಿಸಿ ಅನ್ನುತ್ತಾರೆ. ದಯವಿಟ್ಟು ಬೇಡ. ಲಾಕ್ ಅನ್ನುವುದು ಫೈಲ್ ಇರುವುದರಲ್ಲಿ ಇಲ್ಲ. ಓಡುತ್ತಿರುವ ಪ್ರೋಗ್ರಾಂ ಅದನ್ನು ಹಿಡಿದುಕೊಂಡಿರುತ್ತದೆ. ಪ್ರೋಗ್ರಾಂ ಮುಗಿದ ಕೂಡಲೇ ಕರ್ನಲ್ (ಸಿಸ್ಟಂನ ತಿರುಳು) ಬಿಡಿಸುತ್ತದೆ, ಫೈಲ್ ಮಾತ್ರ ಅಲ್ಲೇ ಇರುತ್ತದೆ. ಅಂದರೆ ಮೆಸೇಜ್ ಬಂದಾಗ ಯಾವುದೋ ಅಪ್‌ಡೇಟ್ ನಿಜವಾಗಿಯೂ ನಡೆಯುತ್ತಿದೆ ಅಲ್ವಾ? ಹೆಚ್ಚಾಗಿ ಅದು ತಾನೇ ಶುರುವಾಗುವ ಅನ್‌ಅಟೆಂಡೆಡ್ ಅಪ್‌ಗ್ರೇಡ್ಸ್. ಫೈಲ್ ಅಳಿಸಿದರೆ ಎರಡು ಕೈ ಒಂದೇ ಲೆಕ್ಕದ ಪುಸ್ತಕ ತಿದ್ದಿದಂತೆ ಆಗುತ್ತದೆ. ಸುಮ್ನೆ ಸ್ವಲ್ಪ ಹೊತ್ತು ಕಾಯಿರಿ.

ಡಿಸ್ಕಿನಲ್ಲಿ ಜಾಗ ಇಲ್ಲ ಅಂತ ಬಂದರೆ 'ಡಿಎಫ್ -ಎಚ್' ಕೊಟ್ಟು ಎಲ್ಲಿ ಎಷ್ಟು ಖಾಲಿ ಇದೆ ನೋಡಿ. ಬೂಟ್‌ಗೆ ಬೇರೆ ಪಾರ್ಟಿಷನ್ ಇದ್ದರೆ ಹಳೆಯ ಕರ್ನಲ್‌ಗಳಿಂದ ಅದು ತುಂಬಿರಬಹುದು. 'ಸುಡೋ ಆಪ್ಟ್ ಆಟೋರಿಮೂವ್' ಬೇಡವಾದವನ್ನು ತೆಗೆಯುತ್ತದೆ.

404, ಅಂದರೆ ಫೈಲ್ ಸರ್ವರ್‌ನಲ್ಲಿ ಸಿಗಲಿಲ್ಲ ಅನ್ನುವ ಎರರ್ ಬಂದರೆ ಮೊದಲು ಪ್ಯಾಕೇಜ್ ಪಟ್ಟಿ ಹೊಸದು ಮಾಡುವ 'ಸುಡೋ ಆಪ್ಟ್ ಅಪ್‌ಡೇಟ್' ಕೊಡಿ. ಆಮೇಲೂ ಬಂದರೆ ನಿಮ್ಮ ಉಬುಂಟು ಆವೃತ್ತಿ ನೋಡಿ, ಅದರ ಬೆಂಬಲ ಮುಗಿದಿರಬಹುದು. ಎಲ್‌ಟಿಎಸ್ (ದೀರ್ಘಕಾಲದ ಬೆಂಬಲ ಇರುವ ಆವೃತ್ತಿ) ಅಲ್ಲದ ಆವೃತ್ತಿಗೆ ಬೆಂಬಲ 9 ತಿಂಗಳು ಮಾತ್ರ, ಎಲ್‌ಟಿಎಸ್‌ಗೆ 5 ವರ್ಷ.

ಎಲ್ಲ ಆದ ಮೇಲೆ 'ಡಿಪಿಕೆಜಿ --ಆಡಿಟ್' ಕೊಡಿ. ಏನೂ ಹೇಳದೆ ಪ್ರಾಂಪ್ಟ್ ವಾಪಸ್ ಬಂದರೆ ಅರ್ಧಕ್ಕೆ ನಿಂತ ಪ್ಯಾಕೇಜ್ ಒಂದೂ ಉಳಿದಿಲ್ಲ.