ಚತುರಂಗ ದಂಡಾಸನ: ಮೊಣಕೈ ಬಾಗುವ ಮುನ್ನ ನೋಡಬೇಕಾದದ್ದು

ಶಾಲೆಯಲ್ಲಿ ಹನ್ನೆರಡು ಹಂತದ ಸೂರ್ಯ ನಮಸ್ಕಾರ ಕಲಿತ ನಮಗೆಲ್ಲ ಅಷ್ಟಾಂಗ ನಮಸ್ಕಾರ ಗೊತ್ತು. ಮಂಡಿ, ಎದೆ, ಗದ್ದ ನೆಲಕ್ಕೆ ತಾಗುತ್ತವೆ, ತೋಳಿಗೆ ಅಷ್ಟೇನೂ ಭಾರ ಬೀಳುವುದಿಲ್ಲ. ಆಸನಗಳನ್ನು ಉಸಿರಿನ ಎಣಿಕೆಗೆ ಜೋಡಿಸಿ ಒಂದರಿಂದೊಂದಕ್ಕೆ ಹರಿಯುವ ಮೈಸೂರಿನ ಅಷ್ಟಾಂಗ ವಿನ್ಯಾಸ ಪದ್ಧತಿಗೆ ಬಂದಾಗ ಅದೇ ಜಾಗದಲ್ಲಿ ಚತುರಂಗ ದಂಡಾಸನ ಎದುರಾಗುತ್ತದೆ. ಇಲ್ಲಿ ಅಂಗೈ ಮತ್ತು ಕಾಲ್ಬೆರಳು ಬಿಟ್ಟರೆ ಮೈಯ ಯಾವ ಭಾಗವೂ ನೆಲ ಮುಟ್ಟುವಂತಿಲ್ಲ. ಸಂಸ್ಕೃತದ ಎಣಿಕೆಯಲ್ಲಿ ಇದು 'ಚತ್ವಾರಿ', ಅಂದರೆ ನಾಲ್ಕು; ಉಸಿರು ಬಿಡುತ್ತ ಇಳಿಯಬೇಕು. 'ಪಂಚ' ಎನ್ನುವಷ್ಟರಲ್ಲಿ ಉಸಿರೆಳೆದು ಎದೆ ಎತ್ತಿ ಊರ್ಧ್ವಮುಖ ಶ್ವಾನಾಸನಕ್ಕೆ ಹೋಗಿಯಾಗಿರುತ್ತದೆ. ಒಂದೇ ಉಸಿರಿನಲ್ಲಿ ಮುಗಿದುಹೋಗುವುದರಿಂದ ತಪ್ಪು ಎಲ್ಲಾಯಿತೆಂದು ನಮಗೇ ತಿಳಿಯುವುದಿಲ್ಲ. ಈ ಪದ್ಧತಿಯ ಮೊದಲ ಆಸನಮಾಲೆಯಾದ ಪ್ರಾಥಮಿಕ ಸರಣಿಯನ್ನು ಪೂರ್ತಿ ಮಾಡುವವರು ಒಂದೇ ಬೆಳಗ್ಗೆ ಹತ್ತಾರು ಸಲ ಹೀಗೆ ಇಳಿಯುತ್ತಾರೆ. ಅಷ್ಟೂ ಸಲ ಅದೇ ತಪ್ಪು ಭುಜದ ಮೇಲೆ ಬೀಳುತ್ತದೆ.

ಜಗನ್ಮೋಹನ ಅರಮನೆಯ ಯೋಗಶಾಲೆಯಲ್ಲಿ ತಿರುಮಲೈ ಕೃಷ್ಣಮಾಚಾರ್ಯರು 1933ರಿಂದ ಪಾಠ ಹೇಳುತ್ತಿದ್ದರು. ಅವರ ಶಿಷ್ಯರಲ್ಲಿ ಕೆ. ಪಟ್ಟಾಭಿ ಜೋಯಿಸರು ಈ ಆಸನವನ್ನು ಉಸಿರಿನ ಎಣಿಕೆಯೊಳಗೆ ಹರಿಸಿದರು. ಬಿ.ಕೆ.ಎಸ್. ಅಯ್ಯಂಗಾರರ ಪದ್ಧತಿಯಲ್ಲಿ ಇದನ್ನೇ ಬಿಡಿ ಆಸನವಾಗಿ ಹಿಡಿದು ನಿಲ್ಲಿಸಿ ಕಲಿಸುತ್ತಾರೆ. ಹೊಸಬರು ಮೊದಲು ನಿಲ್ಲುವುದನ್ನು ಕಲಿಯಬೇಕು, ಹರಿಯುವುದನ್ನು ಆಮೇಲೆ ಎಂಬುದು ನನ್ನ ಅಭಿಪ್ರಾಯ. ಗರಡಿಯಲ್ಲಿ ದಂಡ ಹೊಡೆದು ಪಳಗಿದವರಿಗೂ ಇದು ಅನ್ವಯಿಸುತ್ತದೆ. ದಂಡದಲ್ಲಿ ಎದೆ ನೆಲದ ಹತ್ತಿರ ಬಾಗಿ ಜಾರಿಕೊಂಡು ಮುಂದೆ ಏಳುತ್ತದೆ, ಆ ವೇಗವೇ ಅರ್ಧ ಕೆಲಸ ಮಾಡಿಕೊಡುತ್ತದೆ. ಚತುರಂಗದಲ್ಲಿ ನಡುವೆಯೇ ತಡೆದು ನಿಲ್ಲಬೇಕು.

ಈಗ ಮುಖ್ಯ ವಿಷಯ. ಈ ಆಸನ ಸರಿಯಾಗುವುದೋ ಕೆಡುವುದೋ ಫಲಕಾಸನದಲ್ಲೇ (ತೋಳು ನೆಟ್ಟಗಿಟ್ಟು ಮೈಯನ್ನು ಹಲಗೆಯಂತೆ ಹಿಡಿಯುವ ಪ್ಲ್ಯಾಂಕ್ ಸ್ಥಿತಿ), ಮೊಣಕೈ ಬಾಗುವ ಮೊದಲೇ, ತೀರ್ಮಾನವಾಗಿರುತ್ತದೆ. ಫಲಕಾಸನದಲ್ಲಿ ಭುಜ ಮಣಿಕಟ್ಟಿನ ನೇರ ಮೇಲೆ ಇರುತ್ತದೆ. ಅಲ್ಲಿಂದ ನೇರ ಕೆಳಗೆ ಇಳಿದರೆ ಮೊಣಕೈ ಮಣಿಕಟ್ಟಿನಿಂದ ಹಿಂದಕ್ಕೆ ಸರಿದು ಮುಂಗೈ ಓರೆಯಾಗುತ್ತದೆ, ಭಾರವೆಲ್ಲ ಭುಜದ ಮುಂಭಾಗಕ್ಕೆ ವಾಲುತ್ತದೆ. ಆದ್ದರಿಂದ ಇಳಿಯುವ ಮುನ್ನ ಪಾದದ ಉಬ್ಬಿನಿಂದ ಬೆರಳ ತುದಿಯತ್ತ ಉರುಳಿ ಇಡೀ ಮೈಯನ್ನು ಒಂದೆರಡು ಇಂಚು ಮುಂದಕ್ಕೆ ತನ್ನಿ. ಇಳಿಯುತ್ತಲೂ ಮುಂದಕ್ಕೇ ಸಾಗುತ್ತಿರಿ. ಕೊನೆಗೆ ಮುಂಗೈ ಆದಷ್ಟೂ ನೆಟ್ಟಗಿದ್ದು, ಮೊಣಕೈ ಸುಮಾರು 90 ಡಿಗ್ರಿ ಬಾಗಿರಬೇಕು. ಪಕ್ಕದಿಂದ ಮೊಬೈಲಿನಲ್ಲಿ ವಿಡಿಯೊ ತೆಗೆದು ನೋಡಿಕೊಳ್ಳಿ: ಅಂಗೈ ಪಕ್ಕೆಲುಬುಗಳ ಪಕ್ಕದಲ್ಲಿದ್ದರೆ ಸರಿ, ಭುಜದ ಅಡಿಯಲ್ಲೇ ಉಳಿದಿದ್ದರೆ ನೀವು ಮುಂದೆ ಬಂದಿಲ್ಲ.

ಎಷ್ಟು ಇಳಿಯಬೇಕು? ಭುಜ ಮೊಣಕೈ ಮಟ್ಟಕ್ಕೆ ಬಂದರೆ ಸಾಕು, ಅದಕ್ಕಿಂತ ಒಂದು ಬೆರಳೂ ಬೇಡ. ಇನ್ನೂ ಕೆಳಗೆ ಹೋದರೆ ತೋಳಿನ ಮೂಳೆಯ ತಲೆ ಮುಂದಕ್ಕೆ ಒತ್ತಿಕೊಂಡು, ಅಲ್ಲೇ ಹಾದುಹೋಗುವ ಬೈಸೆಪ್ಸ್ ಸ್ನಾಯುರಜ್ಜುವಿಗೂ ಕೀಲಿನ ಮುಂಭಾಗದ ಹೊದಿಕೆಗೂ ಎಳೆತ ಬೀಳುತ್ತದೆ. ಶಕ್ತಿ ಸಾಲದ ದಿನ ಅರ್ಧಕ್ಕೇ ನಿಲ್ಲಿಸಿ, ಆಸನಕ್ಕೆ ಕುಂದೇನಿಲ್ಲ.

ಬೆನ್ನಿನ ಕಡೆಯ ಕೆಲಸವನ್ನು ಹೆಚ್ಚಿನವರು ಮರೆಯುತ್ತಾರೆ. ಹೆಗಲ ಹಲಗೆಗಳನ್ನು ಪಕ್ಕೆಲುಬಿಗೆ ಅಂಟಿಸಿ ಹಿಡಿಯುವುದು ಸೆರೇಟಸ್ ಆಂಟೀರಿಯರ್ ಎಂಬ ಸ್ನಾಯು. ಅದು ಸೋತರೆ ಹಲಗೆಗಳು ರೆಕ್ಕೆಯಂತೆ ಮೇಲೇಳುತ್ತವೆ, ಎದೆ ಕುಸಿಯುತ್ತದೆ. ಅದನ್ನು ಎಬ್ಬಿಸಲು ಫಲಕಾಸನದಲ್ಲಿ ನಿಂತು, ಮೊಣಕೈ ಬಾಗಿಸದೆ, ಎದೆಯನ್ನು ಸ್ವಲ್ಪ ಇಳಿಸಿ ಮತ್ತೆ ನೆಲವನ್ನು ದೂರ ತಳ್ಳಿ. ಚಲನೆ ಒಂದೆರಡು ಇಂಚು ಅಷ್ಟೇ, ಆದರೆ ಕಂಕುಳ ಕೆಳಗೆ ಬಿಸಿಯೇರುವುದು ಗೊತ್ತಾಗುತ್ತದೆ. ಮೊಣಕೈಗಳು ಹಿಂದಕ್ಕೆ ನೋಡಲಿ, ಪಕ್ಕಕ್ಕೆ ಅಗಲಿಸಬೇಡಿ. ಪಕ್ಕೆಗೆ ಬಿಗಿಯಾಗಿ ಒತ್ತುವುದೂ ಬೇಡ.

ಕಾಲು ಸಡಿಲಬಿಟ್ಟರೆ ತೋಳಿಗೆ ಶಿಕ್ಷೆ. ತೊಡೆ ಬಿಗಿಮಾಡಿ, ಹಿಮ್ಮಡಿಯನ್ನು ಹಿಂದಕ್ಕೆ ತಳ್ಳಿ, ಹೊಕ್ಕುಳನ್ನು ಒಳಗೆ ಸೆಳೆದುಕೊಳ್ಳಿ. ಸೊಂಟ ಜೋತುಬೀಳಬಾರದು, ಪೃಷ್ಠ ಮೇಲೇಳಲೂಬಾರದು. ದೃಷ್ಟಿ ನೆಲದ ಮೇಲೆ, ತುಸು ಮುಂದೆ.

ಭಾರದ ಲೆಕ್ಕವನ್ನೂ ಒಮ್ಮೆ ನೋಡೋಣ. ಪುಶ್-ಅಪ್‌ನ ಕೆಳಸ್ಥಿತಿಯಲ್ಲಿ ಕೈಗಳು ದೇಹತೂಕದ ಸುಮಾರು ಮುಕ್ಕಾಲು ಪಾಲು ಹೊರುತ್ತವೆ: 60 ಕೆ.ಜಿ. ಇದ್ದವರಿಗೆ 45 ಕೆ.ಜಿ.ಯ ಆಸುಪಾಸು. ಮಂಡಿ ಊರಿದರೆ ಅದು 37 ಕೆ.ಜಿ.ಗೆ ಇಳಿಯುತ್ತದೆ. ಮಂಡಿ ಊರಿ ಮಾಡುವುದಕ್ಕೆ ನಾಚಿಕೆ ಪಡುವವರನ್ನು ಕಂಡರೆ ನನಗೆ ಬೇಸರವಾಗುತ್ತದೆ, ಶಕ್ತಿ ಬೆಳೆಯುವುದೇ ಹಾಗೆ. ಮುಂದಕ್ಕೆ ಬರುವುದು, ಮೊಣಕೈ ದಿಕ್ಕು, ಇಳಿಯುವ ಮಟ್ಟ ಎಲ್ಲವೂ ಅಲ್ಲಿಯೂ ಅವೇ.

ನನಗೆ ಅತಿ ಹೆಚ್ಚು ನೆರವಾದ ಅಭ್ಯಾಸ ತಲೆಕೆಳಗಾದ ಕ್ರಮದ್ದು. ಬೋರಲು ಮಲಗಿ, ಅಂಗೈಗಳನ್ನು ಪಕ್ಕೆಲುಬಿನ ಪಕ್ಕ ಊರಿ, ಕಾಲ್ಬೆರಳು ಮಡಚಿ, ಉಸಿರು ಬಿಡುತ್ತ ಎದೆ, ಹೊಟ್ಟೆ, ತೊಡೆ ಒಟ್ಟಿಗೇ ಅರ್ಧ ಅಡಿ ಮೇಲೇಳಬೇಕು. ಎದೆ ಮೊದಲು ಎದ್ದು ಹೊಟ್ಟೆ ನೆಲದಲ್ಲೇ ಉಳಿದರೆ ನಡುವಿಗೆ ಬಲ ಸಾಲದೆಂದು ತಿಳಿಯಿರಿ. ಇನ್ನೊಂದು, ಹತ್ತಿಯ ಬೆಲ್ಟನ್ನು ಭುಜದಗಲಕ್ಕೆ ಕುಣಿಕೆ ಮಾಡಿ ಮೊಣಕೈಯ ತುಸು ಮೇಲೆ ತೊಟ್ಟು ಇಳಿಯುವುದು. ಎದೆ ಬೆಲ್ಟಿಗೆ ತಾಗಿದಲ್ಲಿ ನಿಲ್ಲುತ್ತೀರಿ, ಮೊಣಕೈಯೂ ಅಗಲವಾಗುವುದಿಲ್ಲ. ಇವೆರಡು ಹದಕ್ಕೆ ಬಂದ ಮೇಲೆ ಫಲಕಾಸನದಿಂದ ಐದು ಎಣಿಸುತ್ತ ನಿಧಾನ ಇಳಿಯಿರಿ.

ಮಣಿಕಟ್ಟು ನೋಯುತ್ತಿದ್ದರೆ ತೋರುಬೆರಳಿನ ಬುಡವನ್ನು ನೆಲಕ್ಕೆ ಒತ್ತಿ, ಭಾರವೆಲ್ಲ ಅಂಗೈಯ ಹಿಂತುದಿಗೆ ಬೀಳದಂತೆ ನೋಡಿಕೊಳ್ಳಿ. ಕಾರ್ಪಲ್ ಟನಲ್ (ಮಣಿಕಟ್ಟಿನಲ್ಲಿ ನರ ಒತ್ತಿಕೊಳ್ಳುವ) ತೊಂದರೆ ಇರುವವರು, ಭುಜಕ್ಕೆ ಪೆಟ್ಟಾದವರು, ಗರ್ಭಿಣಿಯರು ವೈದ್ಯರನ್ನು ಕೇಳದೆ ಮಾಡಬಾರದು. ತೋಳಿನ ಹಿಂಭಾಗ ಮರುದಿನ ಬಿಗಿದುಕೊಂಡರೆ ಅದು ದಣಿವು. ಭುಜದ ಮುಂಭಾಗದಲ್ಲಿ ಚುಚ್ಚಿದಂತೆ ನೋವು ಬಂದರೆ ಅಂದೇ ನಿಲ್ಲಿಸಿ, ನೋವು ಹೋಗುವವರೆಗೆ ವಿನ್ಯಾಸದಲ್ಲಿ ಫಲಕಾಸನದಿಂದ ನೇರವಾಗಿ, ಸೊಂಟ ಮೇಲೆತ್ತಿ ತಲೆ ತಗ್ಗಿಸುವ ಅಧೋಮುಖ ಶ್ವಾನಾಸನಕ್ಕೆ ಹೋಗಿ.