ತಗ್ಗಿನಲ್ಲಿ ಖಟ್ ಖಟ್: ಶಾಕ್ ಅಬ್ಸಾರ್ಬರ್ ಬದಲಿಸಲೇಬೇಕಾ?

ಪ್ರಶ್ನೆ: ನಮ್ಮ ಕಾರಿಗೆ ಏಳು ವರ್ಷ. ದಿನಾ ಹುಬ್ಬಳ್ಳಿಯಿಂದ ಧಾರವಾಡಕ್ಕೆ ಹೋಗಿ ಬರುತ್ತೇನೆ. ತಗ್ಗು-ದಿಣ್ಣೆಯಲ್ಲಿ ನಿಧಾನಕ್ಕೆ ಹೋಗುವಾಗ ಮುಂದಿನ ಎಡಗಡೆ ಖಟ್ ಖಟ್ ಅನ್ನುತ್ತದೆ. ಗ್ಯಾರೇಜಿನಲ್ಲಿ ಎರಡೂ ಶಾಕ್ ಅಬ್ಸಾರ್ಬರ್ ಬದಲಿಸಿ ಅಂದರು. ಬದಲಿಸಬೇಕಾ?

ಉತ್ತರ: ತಡೀರಿ, ಇನ್ನೂ ಬೇಡ. ಶಾಕ್ ಅಬ್ಸಾರ್ಬರ್‌ನಿಂದ ಎಣ್ಣೆ ಸೋರುತ್ತಿದೆಯಾ? ತಗ್ಗು ದಾಟಿದ ಮೇಲೂ ಗಾಡಿ ತೊಟ್ಟಿಲ ಹಾಗೆ ತೂಗುತ್ತಾ? ಎರಡೂ ಇಲ್ಲ ಅಂದರೆ, ಬರೀ ಸದ್ದು ಕೇಳಿ ಅದರ ಮೇಲೆ ತಪ್ಪು ಹೊರಿಸಬೇಡಿ.

ನಾನು ಹಾಗೆ ಹೊರಿಸಿ ದುಡ್ಡು ಕಳಕೊಂಡವನು. ಜೋಡಿ ಶಾಕ್ ಅಬ್ಸಾರ್ಬರ್ ಹಾಕಿಸಿಕೊಂಡು ಹೊರಟೆ. ಉಣಕಲ್ ಕೆರೆ ದಾಟುವಷ್ಟರಲ್ಲಿ ಮತ್ತೆ ಖಟ್ ಖಟ್. ಪಕ್ಕದಲ್ಲಿದ್ದ ಹೆಂಡತಿ, "ಹಳೇ ಸಪ್ಪಳಾನೂ ವಾಪಸ್ ಕೊಟ್ಟಾರೇನ್ರಿ?" ಅಂದಳು. ಕೊನೆಗೆ ಸಿಕ್ಕ ಕಳ್ಳ ಲಿಂಕ್ ರಾಡ್. ಶಾಕ್ ಅಬ್ಸಾರ್ಬರ್‌ಗೆ ಹೋಲಿಸಿದರೆ ಅದರ ಬೆಲೆ ತೀರಾ ಕಡಿಮೆ.

ನಿಮ್ಮದೂ ಅದೇ ಇರಬಹುದು. ಬೆರಳಿನಷ್ಟು ದಪ್ಪದ ಸಣ್ಣ ಸರಳು ಅದು. ಎರಡೂ ತುದಿಗೆ ಪುಟ್ಟ ಬಾಲ್ ಜಾಯಿಂಟ್, ಅಂದರೆ ಬಟ್ಟಲೊಳಗೆ ಗುಂಡು ತಿರುಗುವಂಥ ಕೀಲು. ಹೆಚ್ಚಿನ ಕಾರುಗಳಲ್ಲಿ ಒಂದು ತುದಿ ಶಾಕ್ ಅಬ್ಸಾರ್ಬರ್‌ಗೆ, ಇನ್ನೊಂದು, ತಿರುವಿನಲ್ಲಿ ಗಾಡಿ ವಾಲದ ಹಾಗೆ ಎಡ-ಬಲ ಚಕ್ರಗಳನ್ನು ಜೋಡಿಸುವ ಸ್ಟೆಬಿಲೈಜರ್ ಬಾರ್‌ಗೆ ಸೇರಿರುತ್ತದೆ. ಜಾಯಿಂಟಿನ ರಬ್ಬರ್ ಟೋಪಿ ಹರಿಯಿತೋ, ಗ್ರೀಸ್ ಹೋಗಿ ಕೆಸರು ಒಳಗೆ ಸೇರುತ್ತದೆ. ಮಳೆಗಾಲದಲ್ಲಿ ಅಣ್ಣಿಗೇರಿ, ನವಲಗುಂದದ ಕಡೆ ಓಡಾಡುವವರಿಗೆ ಎರೆ ಮಣ್ಣು ಹೇಗೆ ಅಂಟುತ್ತದೆ ಅಂತ ಹೇಳಬೇಕಿಲ್ಲ. ಸವೆದ ಜಾಯಿಂಟಿನಲ್ಲಿ ಕೂದಲೆಳೆಯಷ್ಟು ಜಾಗ ಸಿಕ್ಕರೂ ಸಾಕು, ಬಡಿಯಲು ಶುರು.

ಪತ್ತೆ ಮಾಡೋದು ಹೀಗೆ. ಮೊದಲು ಡಿಕ್ಕಿ ಖಾಲಿ ಮಾಡಿ. ಜ್ಯಾಕು, ಪಾನಾ, ಸ್ಟೆಪ್ನಿ ಎಲ್ಲ ಹೊರಗೆ. ನಗಬೇಡಿ, ಎಷ್ಟೋ "ಸಸ್ಪೆನ್ಶನ್ ಸದ್ದು" ಅಲ್ಲೇ ಮುಗಿಯುತ್ತದೆ. ಆಮೇಲೆ ಓಣಿಯ ಹಂಪ್ ಮೇಲೆ ಎರಡೂ ಚಕ್ರ ಒಟ್ಟಿಗೆ ಏರುವಂತೆ ನಿಧಾನಕ್ಕೆ ಹೋಗಿ. ಇನ್ನೊಮ್ಮೆ ಓರೆಯಾಗಿ, ಒಂದೊಂದೇ ಚಕ್ರ ಏರುವಂತೆ ಹೋಗಿ. ಎರಡೂ ಒಟ್ಟಿಗೆ ಎದ್ದರೆ ಸ್ಟೆಬಿಲೈಜರ್ ಬಾರ್ ಸುಮ್ನೆ ತಿರುಗುತ್ತದೆ, ಲಿಂಕ್ ಮೇಲೆ ಭಾರ ಬೀಳೋದಿಲ್ಲ. ಒಂದೇ ಎದ್ದರೆ ಬಾರ್ ತಿರುಚಿಕೊಂಡು ಲಿಂಕನ್ನು ಎಳೆದಾಡುತ್ತದೆ. ಓರೆಯಾಗಿ ಹೋದಾಗ ಸದ್ದು ಜಾಸ್ತಿ ಆದರೆ ಅನುಮಾನ ಲಿಂಕ್ ಮೇಲೆ, ಇಲ್ಲವೇ ಬಾರ್‌ನ ಬುಶ್ (ಅದನ್ನು ಹಿಡಿದಿರುವ ರಬ್ಬರ್ ತುಂಡು) ಮೇಲೆ.

ಖಾತ್ರಿ ಮಾಡಿಕೊಳ್ಳಲು ಗಾಡಿಯನ್ನು ಸಮತಟ್ಟು ನೆಲದಲ್ಲಿ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಎಳೆದು, ಎಂಜಿನ್ ಆರಿಸಿ. ಸ್ಟೇರಿಂಗ್ ಪೂರ್ತಿ ತಿರುಗಿಸಿದರೆ ಚಕ್ರದ ಹಿಂದೆ ಕೈ ಹೋಗುತ್ತದೆ. ಮನೆಯವರೊಬ್ಬರು ಗಾಡಿಯನ್ನು ಪಕ್ಕಕ್ಕೆ ಅಲ್ಲಾಡಿಸಲಿ, ನೀವು ಲಿಂಕಿನ ತುದಿ ಹಿಡಿದಿರಿ. ಕೆಟ್ಟಿದ್ದರೆ ಕಿವಿಗಿಂತ ಮೊದಲು ಬೆರಳಿಗೆ ಗೊತ್ತಾಗುತ್ತದೆ, ಸಣ್ಣಗೆ ಟಿಕ್ ಅಂತ. ಜ್ಯಾಕ್ ಒಂದನ್ನೇ ನಂಬಿ ಕಾರಿನ ಕೆಳಗೆ ಮಾತ್ರ ನುಗ್ಗಬೇಡಿ. ಅಂದಹಾಗೆ ಕೆಲವು ಸಣ್ಣ ಕಾರುಗಳಲ್ಲಿ ಈ ಲಿಂಕ್ ಇರೋದೇ ಇಲ್ಲ.

ಸದ್ದಿನ ಜಾತಿಯೂ ಬೇರೆ ಬೇರೆ. ನಿಂತಲ್ಲೇ ಸ್ಟೇರಿಂಗ್ ತಿರುಗಿಸಿದಾಗ ಸ್ಪ್ರಿಂಗ್ ಜಿಗಿದ ಹಾಗೆ ಟಂಗ್ ಅಂದರೆ ಶಾಕ್ ಅಬ್ಸಾರ್ಬರ್ ಮೇಲಿನ ಮೌಂಟ್ ನೋಡಿಸಿ. ಪೂರ್ತಿ ಕಟ್ ಹೊಡೆದು ಹೋಗುವಾಗ ಕಟಕಟ ಅಂದರೆ ಎಂಜಿನ್ ಬಲವನ್ನು ಚಕ್ರಕ್ಕೆ ತಲುಪಿಸುವ ಡ್ರೈವ್ ಶಾಫ್ಟಿನ ಜಾಯಿಂಟ್. ತಗ್ಗಿನಲ್ಲಿ ಬ್ರೇಕ್ ಮೇಲೆ ಮೆಲ್ಲಗೆ ಕಾಲಿಟ್ಟ ಕೂಡಲೇ ಸದ್ದು ನಿಂತರೆ ಬ್ರೇಕ್ ಪ್ಯಾಡ್ ಸಡಿಲ. ಕೀಚ್ ಕೀಚ್ ಅಂದರೆ ಒಣಗಿದ ರಬ್ಬರ್ ಬುಶ್. ಒಂದೊಂದೇ ಬುಶ್‌ಗೆ ನೀರು ಹಾಯಿಸಿ ಗಾಡಿ ಅಲ್ಲಾಡಿಸಿ. ಯಾವುದು ಒದ್ದೆಯಾದಾಗ ಸುಮ್ಮನಾಯಿತೋ ಅದೇ. ಎಂಜಿನ್ ಆಯಿಲ್ ಸವರಬೇಡಿ, ರಬ್ಬರ್ ಉಬ್ಬಿ ಹಾಳಾಗುತ್ತದೆ.

ಒಂದನ್ನು ಮಾತ್ರ ಮುಂದಕ್ಕೆ ಹಾಕಬೇಡಿ: ಚಕ್ರವನ್ನು ಕೆಳಗಿನಿಂದ ಗಾಡಿಗೆ ಹಿಡಿದಿರುವ ತೋಳು, ಅಂದರೆ ಲೋವರ್ ಆರ್ಮ್‌ನ ಬಾಲ್ ಜಾಯಿಂಟ್. ಅದು ಸಡಿಲವಾಗಿ ಕಳಚಿಕೊಂಡರೆ ಚಕ್ರ ಹೊರಕ್ಕೆ ಮಡಚಿಕೊಳ್ಳುತ್ತದೆ. ಚಕ್ರ ಮೇಲೆತ್ತಿಸಿ, ಸಬ್ಬಲಿನಿಂದ ಮೀಟಿ ನೋಡಲು ಹೇಳಿ. ಆಡುತ್ತಿದ್ದರೆ ಅವತ್ತೇ ಬದಲಿಸಿ, ಅಲೈನ್‌ಮೆಂಟನ್ನೂ ಮಾಡಿಸಿ.

ಲಿಂಕ್ ರಾಡೇ ಅಂತ ಗೊತ್ತಾದರೆ ಎಡಕ್ಕೂ ಬಲಕ್ಕೂ ಹಾಕಿಸಿ. ಲೋವರ್ ಆರ್ಮ್ ಬುಶ್ ಅಂತಾದರೆ ಮಾತ್ರ ಮಿಸ್ತ್ರಿಯ ಪಕ್ಕದಲ್ಲೇ ನಿಂತುಕೊಳ್ಳಿ. ಚಕ್ರ ಗಾಳಿಯಲ್ಲಿ ಇದ್ದಾಗಲೇ ಬೋಲ್ಟ್ ಪೂರ್ತಿ ಬಿಗಿದರೆ, ಗಾಡಿ ಇಳಿಸಿದಾಗ ರಬ್ಬರ್ ತಿರುಚಿಕೊಂಡು ಕೂರುತ್ತದೆ. ಹೊಸ ಬುಶ್ ಬೇಗ ಹರಿಯೋದು ಹೀಗೇ. "ಅಣ್ಣಾ, ಗಾಡಿ ಭಾರ ಚಕ್ರದ ಮ್ಯಾಲ ಬಂದಿಂದ ಫುಲ್ ಟೈಟ್ ಮಾಡ್ರಿ" ಅನ್ನಿ. ಮುಖ ಗಂಟಿಕ್ಕಿದರೂ ಮಾಡುತ್ತಾರೆ.