ಕೆಟ್ಟದ್ದು ಎಲ್ಲಿ? ಸಿಮ್ಯುಲೇಟರ್ ಪರೀಕ್ಷೆ ಬಂದ ದಾರಿ

ಕಾಸರಗೋಡಿನ ಬದಿಯಡ್ಕ, ಪೆರ್ಲದ ಕಡೆ ಅಡಿಕೆ ತೋಟದ ಪಂಪು ನಿಂತರೆ ಬರುವ ಮೆಕ್ಯಾನಿಕ್‌ಗಳಲ್ಲಿ ಎರಡು ಬಗೆ. ಒಬ್ಬ ಮೊದಲು ಮೂರೂ ಫೇಸ್ ನೋಡುತ್ತಾನೆ, ಆಮೇಲೆ ಫ್ಯೂಸು, ಸ್ಟಾರ್ಟರ್. ಇನ್ನೊಬ್ಬ ಬಂದವನೇ ಮೋಟಾರು ಬಿಚ್ಚುತ್ತಾನೆ. ಇಬ್ಬರೂ ಐಟಿಐ ಪಾಸಾದವರೇ! ಲಿಖಿತ ಪರೀಕ್ಷೆಗೆ ಈ ವ್ಯತ್ಯಾಸ ಕಾಣಿಸುವುದಿಲ್ಲ. ಕಾಣಬೇಕಾದರೆ ಸಿಮ್ಯುಲೇಟರ್ ಬೇಕು, ಅಂದರೆ ನಿಜದ ಯಂತ್ರದ ಹಾಗೇ ವರ್ತಿಸುವ ಅಣಕು ಯಂತ್ರ.

ಸಿಮ್ಯುಲೇಟರ್ ಶುರುವಾದದ್ದು ಪೈಲಟ್‌ಗಳಿಗಾಗಿ. 1929ರಲ್ಲಿ ಅಮೆರಿಕದ ಎಡ್ವಿನ್ ಲಿಂಕ್, ಅಪ್ಪನ ಆರ್ಗನ್ ಕಾರ್ಖಾನೆಯ ತಿದಿಗಳನ್ನೇ ಬಳಸಿ ನೆಲದ ಮೇಲೆ ವಾಲಾಡುವ ಕಾಕ್‌ಪಿಟ್ ಮಾಡಿದ. ಅದರಲ್ಲಿ ಕಲಿಯುತ್ತಿದ್ದದ್ದು ಹಾರಾಟ, ರಿಪೇರಿ ಅಲ್ಲ.

ದೋಷ ಹುಡುಕುವ ಕೌಶಲದ ಮಾತು ಜೋರಾದದ್ದು 1979ರ ಮಾರ್ಚ್ 28ರ ನಂತರ. ಅಂದು ಅಮೆರಿಕದ ತ್ರೀ ಮೈಲ್ ಐಲೆಂಡ್ ಅಣುಸ್ಥಾವರದಲ್ಲಿ ಒಂದು ವಾಲ್ವ್ ತೆರೆದೇ ಉಳಿಯಿತು. ಕಂಟ್ರೋಲ್ ರೂಮಿನಲ್ಲಿ ಮಾತ್ರ, ಮುಚ್ಚಿದೆ ಎಂಬಂತೆ, ಅದರ ದೀಪ ಆರಿತ್ತು. ಆ ದೀಪ ಹೇಳುತ್ತಿದ್ದದ್ದು ವಾಲ್ವಿಗೆ ಹೋದ ಕರೆಂಟಿನ ಸಂಗತಿ, ವಾಲ್ವ್ ನಿಜವಾಗಿ ಮುಚ್ಚಿದೆಯೋ ಇಲ್ಲವೋ ಎಂಬುದಲ್ಲ. ಆಪರೇಟರುಗಳು ದೀಪ ನಂಬಿದರು. ಎರಡು ಗಂಟೆಗೂ ಜಾಸ್ತಿ ಹೊತ್ತು ರಿಯಾಕ್ಟರನ್ನು ತಂಪಾಗಿಡುವ ನೀರು ಸೋರಿತು. ಅವರು ತರಬೇತಿ ಪಡೆದ ಸಿಮ್ಯುಲೇಟರಿನಲ್ಲಿ ಇಂಥ ಪರಿಸ್ಥಿತಿಯನ್ನು ಸೇರಿಸಿಯೇ ಇರಲಿಲ್ಲ ಎಂದು ತನಿಖೆ ಹೇಳಿತು. ಯಾರೂ ಊಹಿಸದ ದೋಷ ಪರೀಕ್ಷೆಯಲ್ಲಿ ಬರುವುದಾದರೂ ಹೇಗೆ, ಅಲ್ವಾ?

1980ರ ದಶಕದಲ್ಲಿ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ಅಲನ್ ಲೆಸ್ಗೋಲ್ಡ್ ತಂಡ ಎಫ್-15 ವಿಮಾನದ ತಂತ್ರಜ್ಞರಿಗಾಗಿ 'ಷರ್ಲಾಕ್' ಎಂಬ ಕಂಪ್ಯೂಟರ್ ತರಬೇತಿ ರೂಪಿಸಿತು. ಕಷ್ಟದ ದೋಷ ಅಪರೂಪಕ್ಕೆ ಬರುತ್ತದೆ. ಕೆಲಸದಲ್ಲೇ ಕಲಿಯಲು ವರ್ಷಗಳು ಬೇಕು. ಷರ್ಲಾಕ್ ಅದನ್ನೇ ಬೇಕೆಂದಾಗ ಎದುರಿಗಿಟ್ಟಿತು. ಉತ್ತರದ ಜೊತೆ ಹುಡುಕಿದ ದಾರಿಯನ್ನೂ ನೋಡಿತು. ನನಗೆ ಇದೇ ದೊಡ್ಡ ಬದಲಾವಣೆ ಅನ್ನಿಸುತ್ತದೆ.

ಕಾಸರಗೋಡಿನ ವರ್ಕ್‌ಶಾಪಿಗೆ ಅಷ್ಟು ದೊಡ್ಡ ಯಂತ್ರ ಬೇಡ. ಒಂದು ಹಲಗೆ, ಸ್ಟಾರ್ಟರ್, ದೋಷಕ್ಕೊಂದರಂತೆ ಹಿಂದೆ ಅಡಗಿಸಿಟ್ಟ ಸ್ವಿಚ್ಚುಗಳು ಸಾಕು; ಸ್ವಿಚ್ಚು ಆಫ್ ಮಾಡಿದರೆ ಆ ಭಾಗದ ಸಂಪರ್ಕ ಕಡಿಯುತ್ತದೆ. ಹೋಲ್ಡಿಂಗ್ ಕಾಂಟ್ಯಾಕ್ಟ್ (ಬಟನ್ ಬಿಟ್ಟ ಮೇಲೂ ಸ್ಟಾರ್ಟರನ್ನು ಹಿಡಿದಿಡುವ ಸಂಪರ್ಕ) ಕಡಿದರೆ ಹಸಿರು ಬಟನ್ ಒತ್ತಿದಷ್ಟು ಹೊತ್ತು ಮೋಟಾರು ಓಡುತ್ತದೆ, ಬಿಟ್ಟರೆ ನಿಲ್ಲುತ್ತದೆ. ಓವರ್‌ಲೋಡ್ ರಿಲೇ (ಲೋಡು ಜಾಸ್ತಿಯಾದಾಗ ಮೋಟಾರು ನಿಲ್ಲಿಸುವ ಭಾಗ) ಕಡಿದರೆ ಅಲುಗುವುದೇ ಇಲ್ಲ. ಕನ್ನಡ ಮಾಧ್ಯಮದಿಂದ ಬಂದ ಹುಡುಗರಿಗೆ ಇಂಗ್ಲಿಷ್, ಮಲಯಾಳ ತೊಡಕಾಗುವುದುಂಟು. ಈ ಹಲಗೆಗೆ ಭಾಷೆಯ ಹಂಗಿಲ್ಲ. ಮೇಷ್ಟ್ರು ಪಕ್ಕದಲ್ಲಿ ನಿಂತು ಮೀಟರ್ ಮೊದಲು ಎಲ್ಲಿಗೆ ಹೋಯಿತು, ಆಮೇಲೆ ಎಲ್ಲಿಗೆ ಎಂದು ಬರೆದುಕೊಂಡರಾಯಿತು. ನನ್ನ ಕೇಳಿದರೆ ಈ ಎರಡೂ ದೋಷಗಳ ಸ್ವಿಚ್ಚನ್ನು ಒಟ್ಟಿಗೇ ಆಫ್ ಮಾಡಬೇಕು. ಒಂದು ದೋಷ ಸಿಕ್ಕ ಕೂಡಲೇ ಪೆಟ್ಟಿಗೆ ಮುಚ್ಚುವವರೇ ಜಾಸ್ತಿ.